ಬೈಪಾಸ್ ಪಕ್ಕದ ಗದ್ದೆಗಳನ್ನ ಇಂಡಸ್ಟ್ರಿಯಲ್ ಜೋನ್ ಮಾಡಿಸೋ ಅರ್ಜಿ: ಸಹಿ ಹಾಕಬೇಕಾ, ಬೇಡ್ವಾ?

ನಾಲೆಬದಿ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ತಾಲ್ಲೂಕು. ಊರಿನ ಹೆಸರು ಸದ್ಯಕ್ಕೆ ಬೇಡ, ಇಲ್ಲಿ ಓದೋರಲ್ಲಿ ನಮ್ಮೂರೋರೂ ಇರಬಹುದು. ಬೈಪಾಸಿನಿಂದ ಒಂದೂವರೆ ಕಿಲೋಮೀಟರ್ ಒಳಗೆ 3 ಎಕರೆ 12 ಗುಂಟೆ ಗದ್ದೆ ಇದೆ, ಭದ್ರಾ ಅಚ್ಚುಕಟ್ಟು. ಅಪ್ಪಾಜಿ ತೀರಿಕೊಂಡ ಮೇಲೆ ಪಹಣಿ ಅವ್ವ, ನಾನು, ತಂಗಿ ಮೂವರ ಹೆಸರಿಗೆ ಜಂಟಿಯಾಗಿದೆ. ನಾನು ಪೇಟೆಯಲ್ಲಿ ಅಂಗಡಿ ಕೆಲಸಕ್ಕೆ ಹೋಗ್ತೀನಿ, ಬೆಳಗ್ಗೆ ಸಂಜೆ ಗದ್ದೆ ನೋಡ್ಕೊಳ್ತೀನಿ.

ಅಕ್ಕಪಕ್ಕದ ಹನ್ನೊಂದು ಜನ ಸೇರಿ 42 ಎಕರೆಯನ್ನ ಕೃಷಿ ವಲಯದಿಂದ ಕೈಗಾರಿಕಾ ವಲಯಕ್ಕೆ ಬದಲಾಯಿಸಿಕೊಡಿ ಅಂತ ಅರ್ಜಿ ಕೊಡೋಕೆ ಓಡಾಡ್ತಿದ್ದಾರೆ. ಸರ್ಕಾರ ಬಂದು ಕಿತ್ಕೊಳ್ತಿರೋದಲ್ಲ, ಜಮೀನಿನವರೇ ಕೇಳ್ತಿರೋದು. ಬೆಂಗಳೂರಿನ ಯಾವುದೋ ಪಾರ್ಟಿ ಗೋಡೌನೋ ಫ್ಯಾಕ್ಟರಿಯೋ ಮಾಡ್ತಾರಂತೆ. ಜೋನ್ ಬದಲಾದ್ರೆ ಈಗಿನ ರೇಟಿನ ಎರಡೂವರೆ ಪಟ್ಟು ಕೊಡ್ತಾರಂತೆ. ಎಲ್ಲಾ "ಅಂತೆ"ನೇ. ನಮ್ಮ ಗದ್ದೆ ಆ 42 ಎಕರೆಗೆ ನಟ್ಟನಡುವೆ ಬರುತ್ತೆ, ಅದಕ್ಕೇ ನಮಗೆ ಇಷ್ಟು ಮರ್ಯಾದೆ. ಹೋದ ಭಾನುವಾರ ನಾಲ್ಕು ಜನ ಬಂದು, ಮಧ್ಯಾಹ್ನ ಉಂಡು, ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟು ಹೋದ್ರು. ಅವ್ವ ಅದನ್ನ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಸುಮ್ಮನಾಗ್ಯಾಳೆ.

ಸಹಿ ಹಾಕಿದ್ರೆ ಏನಾಗುತ್ತೆ, ಹಾಕದಿದ್ರೆ ಏನಾಗುತ್ತೆ? ಗೊತ್ತಿರೋರು ಹೇಳಿ. ರಾಜಕೀಯ ಬೇಡ.

ಖಾಲಿದೋಸೆ

ರಾಜಕೀಯ ಬೇಡ ಅಂದ್ರೆ ನಮ್ಮೂರಾಗೆ ಮಾತಾಡಾಕೆ ದೋಸೆ ಬಿಟ್ಟು ಇನ್ನೇನು ಉಳೀತೈತಿ ಅಣ್ಣ. ಇರ್ಲಿ, ನಾನೂ ಕೇಳಿಸ್ಕೊಳ್ತೀನಿ. ನಮ್ಮ ಮಾವನ ಹೊಲಕ್ಕೂ ಇಂಥದ್ದೇ ಒಂದು ಪಾರ್ಟಿ ಬಂದೈತಿ.

ಹಳೇ ಸರಪಳಿ

ಮೂವತ್ತೊಂದು ವರ್ಷ ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಜನ ಮೂರು ಬೇರೆಬೇರೆ ವಿಷಯವನ್ನ ಒಂದೇ ಚೀಲಕ್ಕೆ ತುಂಬ್ತಾರೆ. ಮೊದಲು ಅದನ್ನ ಬಿಡಿಸಿಕೊಳ್ಳಿ.

ನಿಮ್ಮ ಊರು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದ ಒಳಗೆ ಇದ್ಯಾ, ಹೊರಗೆ ಇದ್ಯಾ? ಒಳಗಿದ್ದರೆ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಒಂದು ಬಣ್ಣ ಇರುತ್ತೆ. ಕೃಷಿಗೆ ಹಸಿರು, ಕೈಗಾರಿಕೆಗೆ ನೇರಳೆ. ಈ ಬಣ್ಣ ಬದಲಾಯಿಸೋದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಲ್ಲಿ. ನಿಮ್ಮ ನೆರೆಯವರು ಹಾಕ್ತಿರೋ ಅರ್ಜಿ ಬಹುಶಃ ಇದೇ. ಇದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಪ್ರಾಧಿಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಆ ಪ್ರಕಟಣೆ ಹರಾಜು, ಕಾಣೆಯಾದವರ ಜಾಹೀರಾತಿನ ಪಕ್ಕ ಸಣ್ಣ ಅಕ್ಷರದಲ್ಲಿ ಬರುತ್ತೆ. ನಮ್ಮೂರಲ್ಲಿ ಅದನ್ನ ಓದೋರು ಬ್ರೋಕರ್‌ಗಳು ಮಾತ್ರ.

ಬಣ್ಣ ಬದಲಾದ ಮೇಲೆ ಎರಡನೇದು, ಭೂಪರಿವರ್ತನೆ. ನೀವೆಲ್ಲ ಅಲಿನೇಷನ್ ಅಂತೀರಲ್ಲ, ಅದು. 1964ರ ಭೂಕಂದಾಯ ಕಾಯ್ದೆ 95ನೇ ಕಲಂ, ನಾನು ಸರ್ವೀಸಿನಲ್ಲಿದ್ದಾಗ ಜಿಲ್ಲಾಧಿಕಾರಿ ಹತ್ತಿರ. ಇದನ್ನ ಯಾರ ಜಮೀನೋ ಅವರೇ, ಅವರವರ ಸರ್ವೆ ನಂಬರಿಗೆ ಮಾಡಿಸ್ಕೋಬೇಕು. ಯೋಜನಾ ಪ್ರದೇಶದ ಹೊರಗಿದ್ದರೆ ಬಣ್ಣದ ತಂಟೆ ಇಲ್ಲ, ಇದೊಂದೇ.

ಮೂರನೇದು ಕೆಐಎಡಿಬಿ, ಅಂದ್ರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. 1966ರ ಕಾಯ್ದೆ, 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ ಅಧಿಸೂಚನೆ. ಅದು ಸ್ವಾಧೀನ. ನಿಮ್ಮದು ಅದಲ್ಲ. ಆದರೆ ಕೈಗಾರಿಕಾ ವಲಯ ಅಂತ ಆದ ಮೇಲೆ ಪಕ್ಕದ ಜಮೀನಿನ ಮೇಲೂ ಕಣ್ಣು ಬೀಳಲ್ಲ ಅಂತ ನಾನು ಹೇಳಲಾರೆ.

ಇನ್ನೊಂದು. ಪಹಣಿ 9ನೇ ಕಾಲಂನಲ್ಲಿ ಮೂರು ಹೆಸರು ಇದ್ರೆ ಮೂರೂ ಸಹಿ ಬೇಕು. "ತಂಗೀದು ಆಮೇಲೆ ಹಾಕಿಸೋಣ" ಅಂದ್ರೆ ಒಪ್ಪಬೇಡಿ. ಆ ಹನ್ನೊಂದು ಜನರಲ್ಲಿ ಯಾರದಾದ್ರೂ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತೆ, ಸರ್ಕಾರದ ಅನುಮತಿ ಇಲ್ಲದೆ ಮಾರಿದ್ರೆ ಆ ಕ್ರಯ ನಿಲ್ಲಲ್ಲ.

ಸಾಕಾಯ್ತು ಸಾಗುವಳಿ

ಕಾನೂನು ಬಲ್ಲೋರು ಹೇಳಿದ್ದು ಸರಿ. ಈಗ ಹೊಟ್ಟೆ ಲೆಕ್ಕ ನಾನು ಹೇಳ್ತೀನಿ ಕೇಳ್ರಿ. ನಾನೂ ಅಂಥ ಜಮೀನಿನವನೇ, ಅರ್ಜಿಗೆ ಸಹಿ ಹಾಕ್ದೋನು.

ಎಕರೆಗೆ 28 ಚೀಲ ಆರ್‌ಎನ್‌ಆರ್ ಭತ್ತ ಬಂತು ಅನ್ನು, 75 ಕೆಜಿ ಚೀಲ. 21 ಕ್ವಿಂಟಲ್ ಆಯ್ತು. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿ. ಅದು ಪೂರಾ ಸಿಕ್ರೂ ಐವತ್ತು ಸಾವಿರ ಮುಟ್ಟಲ್ಲ. ಕೊಯ್ಲಾಗಿ ಕಣದಾಗೆ ರಾಶಿ ಬಿದ್ದಾಗ ಆ ರೇಟಿಗೆ ಕೊಳ್ಳೋನು ಎಲ್ಲಿರ್ತಾನೆ? ಉಳುಮೆ, ಕೆಸರು ಹೊಡೆಸೋದು, ನಾಟಿ ಆಳು, ಗೊಬ್ಬರ, ಔಷಧಿ, ಕೊಯ್ಲು ಮಿಷನ್ನು, ಎಲ್ಲಾ ಸೇರಿ ಮೂವತ್ತೈದಕ್ಕೆ ಕಡಿಮೆ ಬಂದ್ರೆ ನನ್ನ ಕೇಳ್ರಿ. ಉಳಿಯೋದು ಹದಿನೈದು. ಅದೂ ನಾಲೆ ನೀರು ಬಂದ್ರೆ. 2023ರಾಗೆ ಭದ್ರಾ ನೀರು ನಿಲ್ಲಿಸಿದಾಗ ಗದ್ದೆ ಬಿರುಕಿನಾಗೆ ನನ್ನ ಕೈ ಮಣಿಕಟ್ಟಿನ ತನಕ ಇಳೀತಿತ್ತು.

ನನಗೆ ಇಬ್ಬರು ಗಂಡುಮಕ್ಕಳು. ಒಬ್ಬ ಬೆಂಗಳೂರು, ಇನ್ನೊಬ್ಬ ಹುಬ್ಬಳ್ಳಿ. ಇಬ್ಬರೂ ಬರಲ್ಲ, ಬರ್ರಿ ಅಂತ ನಾನೂ ಕರೆಯಲ್ಲ. ರೈತ ಅಂತ ಹೆಣ್ಣು ಕೊಡಲ್ಲ ಅನ್ನೋ ಜನನೇ ಇಲ್ಲಿ ಬಂದು "ಅನ್ನದಾತ ಭೂಮಿ ಮಾರಬ್ಯಾಡ" ಅಂತ ಬರೀತಾರೆ. ಪೇಟೆಯೋನು ತನ್ನ ಸೈಟನ್ನ ಕಾಂಪ್ಲೆಕ್ಸ್ ಮಾಡಿದ್ರೆ ಜಾಣ, ನಾನು ನನ್ನ ಹೊಲಕ್ಕೆ ಬೆಲೆ ಬರಂಗ ಮಾಡಿಕೊಂಡ್ರೆ ದುರಾಸೆ?

ಕೊನೆಭಾಗ

ಅಣ್ಣಾರೇ, ನಿಮ್ಮ ಹೊಲ ನಿಮ್ಮಿಷ್ಟ, ಒಪ್ಪಿದೆ. ಆದ್ರೆ ನಿಮ್ಮ ಹೊಲದಾಗೆ ಹಾದು ಬರೋ ನೀರು ನಿಮ್ಮೊಬ್ಬರದಲ್ಲ.

ನಾನು ಮಾತಾಡೋದು ಕಣ್ಣಾರೆ ನೋಡಿದ್ದು. ನಮ್ಮ ಊರ ಕಡೆ ಏಳೆಂಟು ವರ್ಷದ ಹಿಂದೆ ಮೂವರು ಸೇರಿ ಹದಿನಾಲ್ಕು ಎಕರೆ ಕೊಟ್ರು. ಕೊಂಡೋರು ಮೊದಲು ಮಾಡಿದ ಕೆಲಸ, ಗರಸು ತುಂಬಿಸಿ ನೆಲವನ್ನ ಆಳೆತ್ತರ ಏರಿಸಿದ್ದು. ಲಾರಿ ಮೇಲೆ ಲಾರಿ, ಇಪ್ಪತ್ತು ದಿನ. ಆಮೇಲೆ ಕಾಂಪೌಂಡು. ತೂಬಿನಿಂದ ನಮ್ಮ ಕಡೆ ಬರ್ತಿದ್ದ ಹೊಲಗಾಲುವೆ ಕಾಂಪೌಂಡಿನ ಒಳಗೆ ಹೋಯ್ತು. ಕೇಳಿದ್ರೆ "ಪೈಪ್ ಹಾಕಿದೀವಲ್ಲ" ಅಂದ್ರು. ಒಂದಡಿ ಪೈಪು! ಮೊದಲನೇ ಮಳೆಗೇ ಹೂಳು ತುಂಬಿ ಕಟ್ಕೊಳ್ತು. ಅದಕ್ಕಿಂತ ಕೆಟ್ಟದ್ದು ಬಸಿಗಾಲುವೆ ಮುಚ್ಚಿದ್ದು. ನೀರು ಬರೋದು ನಿಂತಿದ್ದು ಒಂದು ಕಡೆ, ಬಂದ ನೀರು ಹೊರಗೆ ಹೋಗೋದೂ ನಿಂತು ನನ್ನ ಎರಡೆಕರೆ ಬಟ್ಟಲಾಯ್ತು. ಈಗ ಅಲ್ಲಿ ಆಪಿನ ಹುಲ್ಲು ಬೆಳೀತೈತಿ. ದೂರು ಕೊಟ್ರೆ ಒಂದು ಇಲಾಖೆಯೋರು ಇನ್ನೊಂದು ಇಲಾಖೆ ತೋರಿಸ್ತಾರೆ.

ನಾನು ಯಾವ ಅರ್ಜಿಗೂ ಸಹಿ ಹಾಕಿರಲಿಲ್ಲ. ಹಾಕ್ದೋರು ದುಡ್ಡು ತಗೊಂಡು ದಾವಣಗೆರೇಲಿ ಮನೆ ಕಟ್ಸಿದ್ರು, ಹಾಕದೋನ ಗದ್ದೆ ಕೆರೆ ಆಯ್ತು. ಈ ತಮ್ಮ ಕೇಳ್ಬೇಕಾದ್ದು ಅದು. ಸಹಿ ಹಾಕ್ಲಿ ಬಿಡ್ಲಿ, ಕಾಲುವೆ ಎಲ್ಲಿ ಹೋಗುತ್ತೆ ಅಂತ ಮೊದಲು ಕೇಳ್ಲಿ.

ಲೆಡ್ಜರ್

ಎರಡೂವರೆ ಪಟ್ಟು ಅಂದ್ರಲ್ಲ, ಅದರಲ್ಲಿ ಕೈಗೆ ಬರೋದು ಎಷ್ಟು ಅಂತ ಯಾರೂ ಮಾತಾಡ್ಲಿಲ್ಲ. ತೆರಿಗೆ ಕೆಲಸ ಮಾಡೋನು, ಅಷ್ಟು ಮಾತ್ರ ಹೇಳ್ತೀನಿ.

ಕೃಷಿ ಜಮೀನು ಮಾರಿದ್ರೆ ತೆರಿಗೆ ಇಲ್ಲ ಅನ್ನೋದು ಅರ್ಧ ಸತ್ಯ. ಜನಸಂಖ್ಯೆ ಒಂದು ಲಕ್ಷ ದಾಟಿ ಹತ್ತು ಲಕ್ಷದೊಳಗಿರೋ ಊರಿನ ಗಡಿಯಿಂದ 6 ಕಿಲೋಮೀಟರ್ ಒಳಗೆ ಇದ್ರೆ ಅದು ತೆರಿಗೆ ಲೆಕ್ಕದಲ್ಲಿ ಗ್ರಾಮೀಣ ಕೃಷಿ ಜಮೀನಲ್ಲ. ದಾವಣಗೆರೆ 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದೆ. ದೂರ ಅಳೆಯೋದು ರಸ್ತೆ ಮೇಲಲ್ಲ, ನಕ್ಷೆ ಮೇಲೆ ನೇರ ಗೆರೆ. ಬೈಪಾಸಿನಿಂದ ಒಂದೂವರೆ ಕಿಲೋಮೀಟರ್ ಅಂದ್ರೆ ನಿಮ್ಮದು ಒಳಗೇ ಬರುತ್ತೆ ಅನ್ಕೊಳ್ಳಿ. ಪಿತ್ರಾರ್ಜಿತ ಆದ್ರೂ ಲಾಭದ ಮೇಲೆ 12.5 ಪರ್ಸೆಂಟ್. 2024ರ ಜುಲೈ 23ಕ್ಕೆ ಮುಂಚೆ ಬಂದ ಜಮೀನಾದ್ರೆ ಹಣದುಬ್ಬರ ಕಳೆದು 20 ಪರ್ಸೆಂಟ್ ಲೆಕ್ಕಾನೂ ಹಾಕಿ ನೋಡಬಹುದು, ಯಾವುದು ಕಡಿಮೆಯೋ ಅದು.

ಈಗ ಮುಖ್ಯ ಮಾತು. ಎರಡು ವರ್ಷದಿಂದ ಸಾಗುವಳಿ ಆಗ್ತಿರೋ ಜಮೀನು ಮಾರಿ, ಆ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಕಡೆ ಕೃಷಿ ಜಮೀನು ಕೊಂಡ್ರೆ ಅಷ್ಟರ ಮಟ್ಟಿಗೆ ವಿನಾಯ್ತಿ ಇದೆ. ಅಲಿನೇಷನ್ ಮಾಡಿಸಿ, ಬೇಲಿ ಹಾಕಿ, ಪಾರ್ಟಿ ಬರ್ಲಿ ಅಂತ ಮೂರು ವರ್ಷ ಬೀಳು ಬಿಟ್ಟೋರು ಆ ವಿನಾಯ್ತಿ ಕಳ್ಕೊಂಡಿದ್ದನ್ನ ನಾನು ನೋಡಿದ್ದೀನಿ. ಪರಿವರ್ತನೆ ಆದ ಜಮೀನಿಗೆ ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲವೂ ಸಿಗಲ್ಲ, ಈಗ ಅದು 5 ಲಕ್ಷದವರೆಗೆ ಇದೆ. ಪಾರ್ಟಿ ಕೈ ಕೊಟ್ರೆ ನಿಮ್ಮ ಹತ್ತಿರ ಉಳಿಯೋದು ಫ್ಯಾಕ್ಟರಿ ಇಲ್ಲದ ಕೈಗಾರಿಕಾ ಜಮೀನು.

ಖಾಲಿದೋಸೆ

ಅಲ್ಲ, ಕರೂರಿನಾಗೆ ಕೈಗಾರಿಕಾ ಪ್ರದೇಶ ಐತಿ, ಲೋಕಿಕೆರೆ ರಸ್ತೇಲಿ ಐತಿ, ಹರಿಹರದ ಹನಗವಾಡೀಲಿ ಐತಿ. ಈ ಪಾರ್ಟಿ ಅಲ್ಲಿ ಪ್ಲಾಟ್ ಕೇಳಿದ್ರಾ? ಕೇಳಿ ಸಿಗಲಿಲ್ವಾ, ಇಲ್ಲಾ ಕೇಳೇ ಇಲ್ವಾ? ಕರೆಂಟು, ರಸ್ತೆ, ನೀರು ಇರೋ ಕಡೆ ಬಿಟ್ಟು ಕೆಸರು ಗದ್ದೆಗೆ ಯಾಕೆ ಬರ್ತಾರೆ ಅಂತ ನಮ್ಮ ಮಾವಂಗೂ ಕೇಳ್ದೆ. "ನಿಂಗೇನು ಗೊತ್ತು" ಅಂದ.

ಗಿರಣಿ ಚಾಳು

ಇಲ್ಲಿ ಎಲ್ಲರೂ ಜಮೀನು ಇರೋರೇ ಮಾತಾಡ್ತಿದೀರಿ. ನಮ್ಮಜ್ಜ, ನಮ್ಮಪ್ಪ ಇಬ್ಬರೂ ಹತ್ತಿ ಗಿರಣಿ ಕಾರ್ಮಿಕರು. ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ನಮಗೆ ಒಂದು ಗುಂಟೆ ಹೊಲ ಇರಲಿಲ್ಲ, ಸೈರನ್ ಕೂಗಿದ್ರೆ ಊಟ. ಗಿರಣಿ ಮುಚ್ಚಿದ ಮೇಲೆ ನಮ್ಮ ಓಣಿ ಹುಡುಗರು ಏನಾದ್ರು ಅಂತ ಬರೆದ್ರೆ ಬೇರೆ ಕಥೆ ಆಗುತ್ತೆ. ಫ್ಯಾಕ್ಟರಿ ಅಂದ್ ಕೂಡ್ಲೆ ಮೂಗು ಮುರೀಬೇಡಿ, ನಿಮ್ಮ ನಾಟಿ ಆಳುಗಳ ಮಕ್ಕಳಿಗೆ ಕೆಲಸ ಬೇಕು.

ಆದ್ರೆ ಒಂದು ಕೇಳ್ಕೊಳ್ಳಿ. ಅದು ಗೋಡೌನ್ ಆದ್ರೆ 42 ಎಕರೆಗೆ ಇಪ್ಪತ್ತು ಸೆಕ್ಯೂರಿಟಿ, ಒಂದಿಷ್ಟು ಹಮಾಲರು, ಮುಗೀತು.

ಭತ್ತದ ಹೊಟ್ಟು

ನಾನು ರೈಸ್ ಮಿಲ್ ನಡೆಸೋನು, ಅಂದ್ರೆ ನಾನೇ ಕೈಗಾರಿಕೆ. ನಮ್ಮಂಥೋರ ಹೊಟ್ಟಿನ ಬೂದಿ ಹಾರಿ ಪಕ್ಕದ ಮನೆಯೋರ ಬಟ್ಟೆ ಮೇಲೆ ಕೂತು ಎಷ್ಟು ಜಗಳ ಆಗಿದೆ ಅಂತ ನನಗೇ ಗೊತ್ತು. ಅದಕ್ಕೇ ಹೇಳ್ತೀನಿ, "ಕೈಗಾರಿಕೆ" ಅನ್ನೋ ಒಂದೇ ಪದ ನಂಬಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕದಲ್ಲಿ ಬಿಳಿ, ಹಸಿರು, ಕಿತ್ತಳೆ, ಕೆಂಪು ಅಂತ ವರ್ಗ ಇದೆ. ಯಾವುದು ಬರುತ್ತೆ ಅಂತ ಒಪ್ಪಿಗೆ ಪತ್ರದಲ್ಲಿ ಬರೆಸಿ. ಬರೆಯೋಕೆ ಒಪ್ಪದಿದ್ರೆ ಆ ಪಾರ್ಟಿ ಉದ್ಯಮಿ ಅಲ್ಲ, ಜಾಗದ ವ್ಯಾಪಾರಿ. ನೇರಳೆ ಬಣ್ಣ ಬಂದ ಮೇಲೆ ಇನ್ನೊಬ್ಬರಿಗೆ ಮಾರಿ ಹೋಗ್ತಾನೆ.

ಚಳ್ಳಕೆರೆ ಶೇಂಗಾ

ದಾವಣಗೆರೆ ಜನಕ್ಕೆ ಕೋಟೆನಾಡಿನಿಂದ ಒಂದು ಮಾತು. ನಿಮ್ಮ ಜಗಳ ನೋಡಿದ್ರೆ ನಗೂನೂ ಬರುತ್ತೆ, ಹೊಟ್ಟೇನೂ ಉರಿಯುತ್ತೆ ಕಣ್ರಪ್ಪ.

ನಮ್ಮಜ್ಜನ ಕಾಲದಿಂದ ನಾವು ಭದ್ರಾ ನೀರಿಗೆ ಕಾಯ್ತಿದೀವಿ. ಭದ್ರಾ ಮೇಲ್ದಂಡೆ, 29.9 ಟಿಎಂಸಿ, ಎರಡೂಕಾಲು ಲಕ್ಷ ಹೆಕ್ಟೇರು ಅಂತ ಕಾಗದದ ಮೇಲೈತೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದ್ರು, ಆ ದುಡ್ಡಿಗಾಗಿ ಮಾಡದ ಧರಣಿ ಇಲ್ಲ. ನಾವು ಆರುನೂರು ಅಡಿ ಬೋರು ಕೊರೆಸಿ ಧೂಳು ನೋಡ್ತಿದ್ರೆ, ನೀವು ನಾಲೆ ಹರಿಯೋ ಗದ್ದೆಗೆ ನೇರಳೆ ಬಣ್ಣ ಹೊಡೀರಿ ಅಂತ ಅರ್ಜಿ ಹಿಡಿದು ಕ್ಯೂ ನಿಂತಿದೀರಿ.

ಜಮೀನು ಹೋಗೋದು ಅಂದ್ರೆ ಏನು ಅಂತ ನಮ್ಮ ಕಡೆ ಕುರಿಗಾಹಿಗಳನ್ನ ಕೇಳಿ. ಅಮೃತ ಮಹಲ್ ಕಾವಲಿನಲ್ಲಿ ವಿಜ್ಞಾನ ನಗರಿ ಬಂತು, ಐಐಎಸ್‌ಸಿಗೇ 1,500 ಎಕರೆ. ಅದು ಯಾರ ಪಹಣೀಲೂ ಇರದ ಹುಲ್ಲುಗಾವಲು, ಹಂಗಾಗಿ ಯಾರ ಸಹಿನೂ ಬೇಕಾಗಲಿಲ್ಲ. ಗೋಡೆ ಎದ್ದ ಮೇಲೇ ನಮಗೆ ಗೊತ್ತಾಗಿದ್ದು ಕುರಿ ದಾರಿ ಎಲ್ಲಿತ್ತು ಅಂತ. ನಿಮಗೆ ಸಹಿ ಕೇಳೋರಾದ್ರೂ ಇದ್ದಾರೆ.

ಮಾರಲೇಬೇಕು ಅನ್ನೋರಿಗೆ ಇನ್ನೊಂದು ದಾರಿ, ಗುತ್ತಿಗೆ. ನಮ್ಮ ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರಿಗೆ ಸುಮಾರು 13,000 ಎಕರೆಯನ್ನ ರೈತರಿಂದ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡ್ರು. ಪಹಣಿ ರೈತನ ಹೆಸರಲ್ಲೇ ಐತೆ. ಅಲ್ಲೂ ಕೂಲಿಯೋರಿಗೆ ಕೆಲಸ ಹೋಯ್ತು, ಅದು ಬೇರೆ ಮಾತು. ಒಣಭೂಮಿಗೆ ಅದು ಸರಿ. ನಾಲೆ ಗದ್ದೆಗೆ ನಾನಾದ್ರೆ ಅದನ್ನೂ ಮಾಡಲ್ಲ.

ಸಾಕಾಯ್ತು ಸಾಗುವಳಿ

ಕೋಟೆನಾಡಿನ ಅಣ್ಣಂಗೆ ನಮಸ್ಕಾರ. ನಾಲೆ ಹರಿಯೋದು ನಕ್ಷೇಲಿ. ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೇಲಿ ನೀರು ಬಿಡೋ ತಾರೀಕು ಗೊತ್ತು ಮಾಡ್ತಾರೆ, ಮೇಲಿನೋರು ಅಡಿಕೆ ತೋಟಕ್ಕೆ ಪಂಪ್ ಹಚ್ಚಿ ಎತ್ಕೊಳ್ತಾರೆ, ನಮಗೆ ಬರೋದು ನೀರು ಬಿಡೋ ಸೌಡಿ ಕೈ ಬಿಸಿ ಮಾಡಿದ್ರೆ. ಬೇಕಿದ್ರೆ ಬಂದು ಒಂದು ಬೇಸಿಗೆ ರಾತ್ರಿ ನನ್ನ ಜತೆ ತೂಬು ಕಾಯ್ರಿ.

ದೇವನಹಳ್ಳಿ ಉದಾಹರಣೆ ಯಾರೋ ತರ್ತಾರೆ ಅಂತ ಕಾಯ್ತಿದ್ದೆ, ನಾನೇ ತರ್ತೀನಿ. 1,777 ಎಕರೆ ಸ್ವಾಧೀನವನ್ನ 2025ರ ಜುಲೈ 15ಕ್ಕೆ ಸರ್ಕಾರ ಕೈಬಿಡ್ತು. ಒಳ್ಳೇದು, ಬ್ಯಾಡ ಅಂದೋರು ಗೆದ್ರು. ಆದ್ರೆ ಅಲ್ಲೂ "ನಾವು ಕೊಡ್ತೀವಿ" ಅನ್ನೋ ರೈತರು ಇದ್ರು, ಸ್ವಂತ ಇಚ್ಛೆಯಿಂದ ಕೊಟ್ರೆ ತಗೊಳ್ತೀವಿ ಅಂತ ಮುಖ್ಯಮಂತ್ರಿನೇ ಹೇಳಿದ್ರು. ನಾವು ಆ ಕೊಡೋ ರೈತರು. ನಮ್ಮ ಪರ ಹಾಡು ಕಟ್ಟೋರು ಯಾರೂ ಇಲ್ಲ ಅಷ್ಟೇ.

ಕೆಐಎಡಿಬಿ ಬಂದು ತಗೊಂಡ್ರೆ, ದುಡ್ಡು ಬ್ಯಾಡ ಅಂದೋರಿಗೆ ಎಕರೆಗೆ 10,781 ಚದರಡಿ ಅಭಿವೃದ್ಧಿ ಮಾಡಿದ ಜಾಗ ಅಂತಾರೆ. ಹತ್ತು ಗುಂಟೆನೂ ತುಂಬಲ್ಲ. ಅದಕ್ಕಿಂತ ಮುಂಚೆ ನಾವೇ ಮಾಡಿಸ್ಕೊಂಡ್ರೆ ರೇಟು ನಮ್ಮ ಕೈಯಾಗೆ ಇರ್ತೈತಿ.

ನಿರ್ವಾಹಕ

ಈ ಮಧ್ಯೆ "42 ಎಕರೆ ಎಲ್ಲಿ ಅಂತ ಹೇಳಿ, ಒಳ್ಳೆ ಪಾರ್ಟಿ ಇದೆ" ಎಂದು ಫೋನ್ ನಂಬರ್ ಹಾಕಿದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ನಾಲ್ಕನೆಯದು ಬಂದರೆ ಖಾತೆಯನ್ನೇ ತೆಗೆಯುತ್ತೇವೆ.

ಹಳೇ ಸರಪಳಿ

ಸಾಗುವಳಿಯವರೇ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾದ್ರೆ ಆ ಪಾರ್ಟಿ ಈಗಲೇ ನಿಮ್ಮಿಂದ ಕೊಂಡು, ಜೋನ್ ಬದಲಾವಣೆಗೆ ತಾವೇ ಯಾಕೆ ಓಡಾಡಬಾರದು? ಅರ್ಜಿ ತಿರಸ್ಕಾರವಾದ್ರೆ ನಷ್ಟ ಯಾರಿಗೆ ಅಂತ ಯೋಚಿಸಿ. ಈಗಿನ ವ್ಯವಸ್ಥೆಯಲ್ಲಿ ಅವರ ಕೈಯಿಂದ ಒಂದು ಟೋಕನ್, ನಿಮ್ಮ ಕೈಯಿಂದ ಎಲ್ಲಾ ಓಡಾಟ.

ನಾಲೆಬದಿಯವರೇ, ನಿಮಗೆ ಮೂರು ಕೆಲಸ. ಗ್ರಾಮ ನಕ್ಷೆ ತಗೊಂಡು ಹೊಲಗಾಲುವೆ, ಬಸಿಗಾಲುವೆ, ಬಂಡಿದಾರಿ ಎಲ್ಲೆಲ್ಲಿ ಇದೆ ನೋಡಿ. ಸರ್ವೆ ನಂಬರಿನ ವಿಸ್ತೀರ್ಣ ಬರೆದಿರೋ ಆಕಾರಬಂದ್‌ನಲ್ಲಿ ಬಿ ಖರಾಬು, ಅಂದ್ರೆ ದಾರಿ, ಹಳ್ಳದಂಥದ್ದಕ್ಕೆ ಬಿಟ್ಟ ನೆಲ, ಎಷ್ಟಿದೆ ನೋಡಿ, ಅದು ಸಾರ್ವಜನಿಕರದ್ದು, ನಿಮ್ಮ ಹನ್ನೊಂದು ಜನ ಸಹಿ ಹಾಕಿದ್ರೂ ಕೊಡೋಕೆ ಬರಲ್ಲ. ಆಮೇಲೆ ಆ ಕ್ಯಾಲೆಂಡರ್ ಹಿಂದಿನ ಕಾಗದ ತೆಗೆದು ಪೂರ್ತಿ ಓದಿ. ಯಾರೂ ಓದಲ್ಲ. ನನ್ನ ಸರ್ವೀಸಿನಲ್ಲಿ ಜನ ಸಹಿ ಹಾಕಿದ್ದನ್ನ ಅವರಿಗೇ ಓದಿ ಹೇಳಿ ಬೈಸಿಕೊಂಡವನು ನಾನು.

ನಾಲೆಬದಿ

ಒಂದು ವಾರ ಆಯ್ತು, ಎಲ್ಲರಿಗೂ ಉತ್ತರ ಕೊಡೋಕಾಗಲಿಲ್ಲ, ಕ್ಷಮಿಸಿ. ಸಸಿ ಮಡಿ ಮಾಡೋ ಹೊತ್ತು.

ಊರು ಯೋಜನಾ ಪ್ರದೇಶದ ಒಳಗೇ ಇದೆ. ಗ್ರಾಮ ನಕ್ಷೆ ತಂದೆ. ಅದರಲ್ಲಿ ಬಂಡಿದಾರಿ ನಮ್ಮ ಗದ್ದೆಯ ಬಡಗಣ ಬದುವಿಗೆ ಹೋಗುತ್ತೆ, ಹೊಲಗಾಲುವೆಯ ಗುರುತೇ ಇಲ್ಲ. ಅಂದ್ರೆ ನಮ್ಮ ಕೆಳಗಿನ ಹದಿನೆಂಟು ಮನೆಯೋರಿಗೆ ನೀರು ಕೊಡೋ ಕಾಲುವೆ ಆ ನಕ್ಷೇಲಿ ಇಲ್ಲವೇ ಇಲ್ಲ. ನೀರಾವರಿ ಇಲಾಖೆ ನಕ್ಷೇಲಿ ಇರುತ್ತಂತೆ, ಇನ್ನೂ ಸಿಕ್ಕಿಲ್ಲ.

ಒಪ್ಪಿಗೆ ಪತ್ರ ಅವ್ವಂಗೆ ಓದಿ ಹೇಳಿದೆ. ನಾಲ್ಕನೇ ಸಾಲು ಹಿಂಗಿದೆ: "ಸದರಿ ಜಮೀನುಗಳು ಸಮರ್ಪಕ ನೀರಿನ ಸೌಲಭ್ಯವಿಲ್ಲದೆ ವ್ಯವಸಾಯಕ್ಕೆ ಯೋಗ್ಯವಾಗಿರುವುದಿಲ್ಲವಾದ್ದರಿಂದ..." ಅವ್ವ ಇನ್ನೊಂದು ಸಲ ಓದು ಅಂದ್ಲು. ಓದಿದೆ. "ಅವತ್ತು ಬಂದು ಉಂಡು ಹೋದ್ರಲ್ಲ ನಾಲ್ಕು ಜನ, ಅದು ಯಾವ ಹೊಲದ ಅಕ್ಕಿ ಅಂತ ಕೇಳ್ಕೊಂಡು ಬಾ" ಅಂದು ಒಳಗೆ ಹೋದ್ಲು.

ತಂಗಿಗೆ ಫೋನ್ ಮಾಡಿದೆ. ಅವಳಿಗೆ ದುಡ್ಡು ಬೇಕು, ಮಗನ ಓದಿಗೆ. ಅದನ್ನೂ ನಾನು ತಳ್ಳಿಹಾಕೋಕಾಗಲ್ಲ.

ಸಾಕಾಯ್ತು ಸಾಗುವಳಿ

ಬಡಗಣ ಬದುವಿಗೆ ಬಂಡಿದಾರಿ, ಕೆಳಗೆ ಹದಿನೆಂಟು ಮನೆ. ನೀನು ಯಾರು ಅಂತ ಗೊತ್ತಾತು ಬಿಡು ತಮ್ಮ. ಆ ನಾಲ್ಕು ಜನರಾಗೆ ನಾನೂ ಒಬ್ಬ. ನಿಮ್ಮವ್ವನ ಕೈ ಸಾರು ಚೆನ್ನಾಗಿತ್ತು.

ಆ ಸಾಲು ನಾನು ಓದಿರ್ಲಿಲ್ಲ. ಟೈಪ್ ಮಾಡಿಸ್ಕೊಂಡು ಬಂದೋನು ಬ್ರೋಕರ್ರು, "ಎಲ್ಲಾ ಇದೇ ಫಾರ್ಮಾಟು" ಅಂದ. ಅದೇ ಗದ್ದೆ ಮೇಲೆ ನಾನು ಸೊಸೈಟೀಲಿ ಭತ್ತದ ಸಾಲ ತಗೊಂಡೀನಿ. ಒಂದು ಕಡೆ ಭತ್ತ ಬೆಳೀತೈತಿ ಅಂತ ಸಹಿ, ಇನ್ನೊಂದು ಕಡೆ ಏನೂ ಬೆಳೆಯಲ್ಲ ಅಂತ ಸಹಿ.

ನಾನು ಮಾರೋದು ಮಾರೋದೇ, ಅದರಾಗೆ ಮಾತಿಲ್ಲ. ಆದ್ರೆ ನನ್ನದು ಅಂಚಿನಾಗೈತಿ, ನಿನ್ನ ಮಧ್ಯದ್ದು ಬಿಟ್ಟೂ ಅರ್ಜಿ ಹಾಕಬಹುದೇನೋ. ಕಾಲುವೆ ಬಿಟ್ಟು, ಎರಡೂ ಕಡೆ ಬದು ಬಿಟ್ಟು ಅಳತೆ ಹಾಕಿಸಿದ್ರೆ ನನಗೆ ಎಷ್ಟು ಗುಂಟೆ ಹೋಗ್ತೈತಿ ನೋಡೋಣ.

ನಾಲೆಬದಿ

ಕಾಕಾ, ನೀವಾ! ಶನಿವಾರ ಬೆಳಗ್ಗೆ ತೂಬಿನ ಹತ್ರ ಬರ್ರಿ. ಸೌಡಿನೂ ಕರ್ಕೊಂಡು ಬರ್ತೀನಿ, ಕಾಲುವೆ ಅಗಲ ಅವನಿಗೇ ಗೊತ್ತಿರೋದು. ಅಳೆಯೋಕೆ ಟೇಪು ಮನೇಲೈತಿ.

ಹಳೇ ಸರಪಳಿ

ಬಟ್ಟೆ ಟೇಪಾದ್ರೆ ತರಬೇಡಿ, ಬಳಸಿ ಬಳಸಿ ಹಿಗ್ಗಿರುತ್ತೆ. ಸ್ಟೀಲ್ ಟೇಪು ತನ್ನಿ. ನೀರು ಬಿಡೋಕೆ ಮುಂಚೆ ಅಳೆಯಿರಿ, ಆಮೇಲೆ ಬದು ಕಾಣಲ್ಲ.